ಎರಡನೆಯ ನೀರು

ಹೊಳೆಯ ಈಚೆ ದಡದಲ್ಲಿ ತಾಯಮ್ಮನವರ ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಒಂದು ಅಡುಗೆಮನೆ, ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲು.

ಅಲ್ಲಿ ಪ್ರವಚನವಿರಲಿಲ್ಲ. ಬಂದವರಿಗೆ ತಾಯಮ್ಮ ಯಾವುದಾದರೂ ಒಂದು ಕೆಲಸ ಹೇಳಿಕೊಡುತ್ತಿದ್ದರು. ಕೆಲಸ ಕೈಗೆ ಹತ್ತಿದ ದಿನ ಬಂದವರು ಹೊರಟುಹೋಗುತ್ತಿದ್ದರು. ಕೆಲವರು ಹೋಗುತ್ತಿರಲಿಲ್ಲ.

ವಿಶಾಲಾಕ್ಷಿ ಅಲ್ಲಿಗೆ ಬಂದಾಗ ಅವಳ ತಲೆ ಅರ್ಧ ನರೆತಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು, ಆ ಮನೆಯ ಒಲೆಯ ಮುಂದೆಯೇ ನರೆತಿದ್ದಳು.

"ಏನು ಕಲೀಬೇಕು?" ತಾಯಮ್ಮ ಕೇಳಿದರು.

"ಎಸ್ಪ್ರೆಸೊ ಕಾಫಿ."

ತಾಯಮ್ಮ ನಗಲಿಲ್ಲ. ಆಶ್ರಮ ಕಟ್ಟುವ ಮೊದಲು ಅವರು ಪೇಟೆಯ ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುತ್ತಿದ್ದವರು. ಎಲ್ಲ ಬಿಟ್ಟು ಬಂದಿದ್ದರೂ ಬೆಳಗಿನ ಕಾಫಿ ಬಿಟ್ಟಿರಲಿಲ್ಲ.

"ಅದು ಪೇಟೆಯೋರು ಕುಡಿಯೋದು. ನಿನಗ್ಯಾಕೆ?"

"ನಮ್ಮಣ್ಣ ಪೇಟೇಲಿ ಕುಡಿದು ಬಂದ ತಾಯಮ್ಮ. ಬಂದವನೇ, ಕಾಫಿ ಅಂದ್ರೆ ಅದು, ಇಷ್ಟು ವರ್ಷ ಈ ಮನೇಲಿ ಕುಡಿದಿದ್ದು ಕಲಗಚ್ಚು ಅಂದ. ಅತ್ತಿಗೆ ನಕ್ಕಳು."

"ಆ ಮನೇಲಿ ಕಾಫಿ ಮಾಡ್ತಿದ್ದೋರು ಯಾರು?"

"ನಾನೇ."



"ಕಲಿತು ಏನು ಮಾಡ್ತೀಯ?"

"ಮನೆಗೆ ಹೋಗಿ ಒಂದು ಲೋಟ ಅವನ ಮುಂದೆ ಇಡ್ತೀನಿ. ಅವನ ಬಾಯಿಂದ್ಲೇ ಚೆನ್ನಾಗಿದೆ ಅನ್ನಿಸ್ತೀನಿ. ಅಷ್ಟಾದ್ರೆ ಸಾಕು ನನಗೆ. ಆದ್ರೆ ಆ ಅಂಗಡಿಯಲ್ಲಿರೋ ಅಂಥ ದೊಡ್ಡ ಮೆಷಿನ್ನು ತೊಗೊಳ್ಳೋ ಶಕ್ತಿ ನನಗಿಲ್ಲ."

"ದೊಡ್ಡದು ಬೇಡ. ಕೈಯಲ್ಲಿ ಒತ್ತೋ ಚಿಕ್ಕ ಮೆಷಿನ್ನು ಬರುತ್ತೆ, ಹಳೇದು ಸಿಕ್ಕಿದ್ರೂ ನಡೆಯುತ್ತೆ. ಬೀಜ ಪುಡಿ ಮಾಡೋ ಗ್ರೈಂಡರ್ ಮಾತ್ರ ಒಳ್ಳೇದು ತೊಗೋ. ಅದರಲ್ಲಿ ಜಿಪುಣತನ ಮಾಡಬೇಡ."

"ಮೆಷಿನ್ನಿಗಿಂತ ಗ್ರೈಂಡರ್ ಹೆಚ್ಚೇ?"

"ಒಳಗೆ ಹಾಕಿದ್ದು ಸರಿಯಿಲ್ಲದಿದ್ರೆ ಎಷ್ಟು ಒತ್ತಿದ್ರೂ ಅದೇ ತಾನೇ ಬರೋದು."

ವಿಶಾಲಾಕ್ಷಿ ಪೇಟೆಗೆ ಹೋಗಿ ಎರಡನ್ನೂ ತಂದಳು. ಮೆಷಿನ್ನು ಯಾರೋ ಬಳಸಿ ಬಿಟ್ಟದ್ದು. ಪುಡಿ ತುಂಬುವ ಒಂದು ಬಟ್ಟಲು, ಅದರ ಮೇಲೆ ಬಿಸಿನೀರು ಸುರಿಯುವ ಕೊಳವೆ, ನೀರನ್ನು ಪುಡಿಯೊಳಗೆ ಒತ್ತುವ ಒಂದು ಉದ್ದನೆಯ ಹಿಡಿ. ಗ್ರೈಂಡರ್ ಹೊಸದು, ಕೈಯಲ್ಲಿ ತಿರುಗಿಸುವಂಥದು.

ಮೊದಲ ದಿನ ಅವಳು ಗ್ರೈಂಡರ್ ಮುಟ್ಟಲಿಲ್ಲ. ಮನೆಯಿಂದ ಕಟ್ಟಿ ತಂದಿದ್ದ ಫಿಲ್ಟರ್ ಪುಡಿಯನ್ನೇ ತುಂಬಿ ಹಿಡಿ ಒತ್ತಿದಳು. ಹಿಡಿ ಅಲ್ಲಾಡಲಿಲ್ಲ. ಮೈಭಾರವನ್ನೆಲ್ಲ ಹಾಕಿದಳು. ಟಾರಿನಂಥ ನಾಲ್ಕು ಹನಿ ಬಿದ್ದವು.

ತಾಯಮ್ಮ ಪುಡಿಯನ್ನು ಮೂಸಿದರು. "ಇದರಲ್ಲಿ ಚಿಕೋರಿ ಇದೆ. ನೀರು ಬಿದ್ರೆ ಅಂಟು ಕಟ್ಟುತ್ತೆ, ಒತ್ತೋಕಾಗಲ್ಲ."

"ನಮ್ಮನೇಲಿ ಹಾಕಿಸಿಯೇ ತರೋದು. ಚಿಕೋರಿ ಇಲ್ದಿದ್ರೆ ಡಿಕಾಕ್ಷನ್ ಗಟ್ಟಿ ಬರುತ್ಯೇ?"

"ಗಟ್ಟಿ ಬಂದ ಹಾಗೆ ಕಾಣುತ್ತೆ. ಅಂಗಡೀಲಿ ಅದನ್ನ ಬೆರೆಸಿ ಬೆರೆಸಿ ನನ್ನ ಕೈ ಕಪ್ಪಾಗಿತ್ತು ಕಣೇ. ನನಗೆ ಹೇಳ್ತೀಯ?"

ಪುಡಿ ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಹೋಯಿತು.

ತಾಯಮ್ಮ ಕಬ್ಬಿಣದ ಬಾಣಲೆ ಇಟ್ಟು ಹಸಿಬೀಜ ಹುರಿಯುವುದನ್ನು ಹೇಳಿಕೊಟ್ಟರು. ಬೀಜ ಚಟಪಟ ಅಂದಿತು, ಕಂದು ಬಣ್ಣಕ್ಕೆ ತಿರುಗಿತು. ವಿಶಾಲಾಕ್ಷಿಗೆ ತಡೆಯಲಾಗಲಿಲ್ಲ. ಆ ಮಧ್ಯಾಹ್ನವೇ ಪುಡಿ ಮಾಡಿ ಒತ್ತಿದಳು. ಲೋಟದ ತುಂಬ ಬರೀ ನೊರೆ. ನೊರೆಯ ಕೆಳಗೆ ಒಗರು.

"ಆಗಷ್ಟೇ ಹುರಿದ ಬೀಜದೊಳಗೆ ಗಾಳಿ ತುಂಬಿರುತ್ತೆ. ಸ್ವಲ್ಪ ದಿನ ಸುಮ್ನೆ ಬಿಡಬೇಕು."

"ಎಷ್ಟು ದಿನ?"

"ಸಿಟ್ಟು ಇಳಿಯೋವಷ್ಟು."

"ಬೀಜದ್ದೋ, ನನ್ನದೋ?"

"ನಾನು ಬೀಜದ ಮಾತಾಡಿದ್ದು. ನಿನ್ನದು ನಿನಗೇ ಗೊತ್ತು."

ಬೀಜ ಡಬ್ಬಿಯಲ್ಲಿ ಕೂತಿತು. ವಿಶಾಲಾಕ್ಷಿ ಕಾದಳು. ಆಮೇಲೆ ಬೇರೆಯೇ ಪಾಡು. ಪುಡಿ ತರಿಯಾದರೆ ನೀರು ದಡಬಡನೆ ಇಳಿದುಹೋಗುತ್ತಿತ್ತು, ಕಾಫಿ ಹುಳಿ. ತೀರ ನುಣ್ಣಗಾದರೆ ಹಿಡಿ ಕಚ್ಚಿಕೊಳ್ಳುತ್ತಿತ್ತು. ದಿನಾ ಒಂದು ಚೂರು ಅತ್ತ, ಒಂದು ಚೂರು ಇತ್ತ.

ಆಶ್ರಮಕ್ಕೆ ಚಾಪೆ ಹೆಣೆಯುವುದನ್ನು ಕಲಿಯಲು ಬಂದಿದ್ದ ನಂಜಮ್ಮ ಲೋಟದೊಳಗೆ ಬಗ್ಗಿ ನೋಡಿದಳು. "ಇಷ್ಟೆಲ್ಲ ಒದ್ದಾಡಿ ಇಷ್ಟೇಯೇನಕ್ಕ ಬರೋದು? ನಮ್ಮೂರಲ್ಲಿ ಬೆಕ್ಕಿಗೂ ಇದಕ್ಕಿಂತ ಜಾಸ್ತಿ ಹಾಲಿಡ್ತಾರೆ."

"ನೀನು ಚಾಪೆ ನೋಡ್ಕೋ."

"ಚಾಪೆ ಮೇಲೆ ಮಲಗಬಹುದು. ಇದರ ಮೇಲೆ ಏನು ಮಾಡ್ತೀಯ?"

ಕೊನೆಗೊಂದು ಬೆಳಿಗ್ಗೆ ಬಟ್ಟಲಿನ ಅಡಿಯಿಂದ ಬೆಲ್ಲದ ಪಾಕದ ಬಣ್ಣದ ಎಳೆಯೊಂದು ಮೆಲ್ಲಗೆ ಇಳಿಯಿತು. ವಿಶಾಲಾಕ್ಷಿ ಲೋಟವನ್ನು ತಾಯಮ್ಮನ ಮುಂದಿಟ್ಟಳು.

ತಾಯಮ್ಮ ಗುಟುಕರಿಸಿದರು. "ಕಹಿ."

ಮರುದಿನವೂ ಕಹಿ. ಅದರ ಮರುದಿನವೂ.

"ಪುಡಿ ಸರಿಯಾಗಿದೆ, ನೀರೂ ಸರಿಯಾಗಿದೆ," ಅಂದರು ತಾಯಮ್ಮ. "ನನ್ನ ಮುಂದೆ ಮಾಡು, ನೋಡೋಣ."

ವಿಶಾಲಾಕ್ಷಿ ಒತ್ತಿದಳು. ಎಳೆ ಇಳಿಯಿತು. ಆಮೇಲೆ ಎಳೆಯ ಬಣ್ಣ ತಿಳಿಯಾಯಿತು, ಒಣಹುಲ್ಲಿನ ಹಾಗೆ ಬಿಳಿಚಿಕೊಂಡಿತು. ಅವಳು ಒತ್ತುತ್ತಲೇ ಇದ್ದಳು. ಕೊನೆಯ ಹನಿಗೂ ಹಿಡಿಯ ಮೇಲಿನ ಕೈ ಸಡಿಲಿಸಲಿಲ್ಲ.

"ಇನ್ನೂ ಯಾಕೆ ಒತ್ತುತ್ತಿದ್ದೀಯ?"

"ಇನ್ನೂ ಬರ್ತಿದೆಯಲ್ಲ ತಾಯಮ್ಮ. ದಂಡ ಮಾಡಬಾರದು."

"ಒಳ್ಳೇದು ಆಗಲೇ ಬಂದುಹೋಯ್ತು. ಈಗ ಬರ್ತಿರೋದು ನೀನು ಹಿಂಡ್ತಿದ್ದೀಯ ಅಂತ ಬರ್ತಿರೋದು."

ಅರ್ಧಕ್ಕೆ ಕೈ ತೆಗೆಯುವುದನ್ನು ಕಲಿಯುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಟ್ಟಲಲ್ಲಿ ಉಳಿದ ಪುಡಿ ನೋಡಿದರೆ ಕೈ ಮತ್ತೆ ಹಿಡಿಯ ಕಡೆಗೇ ಹೋಗುತ್ತಿತ್ತು. ಆದರೂ ಕಲಿತಳು. ಎಳೆ ಬಿಳಿಚುವ ಮೊದಲೇ ಲೋಟ ತೆಗೆದಳು.

ತಾಯಮ್ಮ ಕುಡಿದರು. ಲೋಟ ಖಾಲಿ ಮಾಡಿದರು.

ವಿಶಾಲಾಕ್ಷಿ ಹಗುರಾಗಿ ಅಡುಗೆಮನೆಗೆ ಹೋದಳು. ಅದೇ ಬಟ್ಟಲಿಗೆ, ಅದೇ ಪುಡಿಯ ಮೇಲೆ ಇನ್ನೊಮ್ಮೆ ನೀರು ಸುರಿದು ಒತ್ತಿದಳು. ಬಂದದ್ದನ್ನು ಹಿಡಿದುಕೊಂಡು ಹೊಸ್ತಿಲ ಹತ್ತಿರ ಕೂತು ಕುಡಿದಳು.

ಮರುದಿನವೂ ಹಾಗೇ ಮಾಡುವಾಗ ತಾಯಮ್ಮ ಬಂದು ನಿಂತರು. ಕೈಯಲ್ಲಿ ಅವರ ಲೋಟ ಇನ್ನೂ ತುಂಬಿಯೇ ಇತ್ತು.

"ಅದೇನೇ ನೀನು ಕುಡೀತಿರೋದು?"

"ಎರಡನೆಯ ನೀರು."

"ಹಾಗಂದ್ರೆ?"

"ಮನೇಲಿ ಮೊದಲ ಡಿಕಾಕ್ಷನ್ ಅಣ್ಣನಿಗೆ, ಅತ್ತಿಗೆಗೆ, ಬಂದೋರಿಗೆ. ಅದೇ ಪುಡಿಗೆ ಇನ್ನೊಂದು ಸಲ ನೀರು ಹಾಕಿದ್ರೆ ಇಳಿಯುತ್ತಲ್ಲ, ಅದು ನನಗೆ."

"ಹಾಗೆ ಅಂತ ಯಾರು ಹೇಳಿದ್ರು?"



"ಯಾರೂ ಹೇಳಲಿಲ್ಲ. ಆ ಮನೆಗೆ ಬಂದ ಮೊದಲನೇ ದಿನ ನಾನೇ ಹಾಕ್ಕೊಂಡೆ."

"ಯಾರಾದ್ರೂ ಬೇಡ ಅಂದ್ರಾ?"

"ಅವರಿಗೆ ಗೊತ್ತಿಲ್ಲ ತಾಯಮ್ಮ. ನಾನು ಒಳಗೆ ಕೂತು ಕುಡೀತಿದ್ದೆ. ಗೊತ್ತಾಗಿದ್ರೆ ಅಣ್ಣ ಸುಮ್ನಿರ್ತಿದ್ನೇ? ಬೈದುಬಿಡ್ತಿದ್ದ ನನ್ನ."

ತಾಯಮ್ಮ ಬಗ್ಗಿ ಅವಳ ಕೈಯಿಂದ ಲೋಟ ತೆಗೆದುಕೊಂಡರು. ತಮ್ಮದನ್ನು ಅವಳ ಕೈಗಿಟ್ಟರು.

"ಅಯ್ಯೋ, ಬೇಡ ತಾಯಮ್ಮ. ನೀವು ತೊಗೊಂಡಿದ್ದು ನಾನು ಬಾಯಿ ಹಚ್ಚಿರೋದು. ಪಾಪ ಸುತ್ಕೊಳ್ಳುತ್ತೆ ನನಗೆ."

"ಸುತ್ಕೊಳ್ಳಲಿ. ಕುಡಿ."

ಅವಳು ಕುಡಿದಳು.

"ಹೇಗಿದೆ?"

"ಗೊತ್ತಾಗ್ತಿಲ್ಲ."

"ಕಹಿ ಇದೆಯಾ?"

"ಗೊತ್ತಾಗ್ತಿಲ್ಲ ತಾಯಮ್ಮ. ಇಂಥದ್ದು ನಾನು ಯಾವತ್ತೂ ಕುಡಿದಿಲ್ಲ."

"ಹಾಗಿದ್ರೆ ಅಣ್ಣನ ಮುಂದೆ ಇಡೋ ಲೋಟ ಚೆನ್ನಾಗಿದೆಯೋ ಇಲ್ವೋ ಅಂತ ನಿನಗೆ ಹೇಗೆ ತಿಳಿಯುತ್ತೆ?"

"ಅವನು ಹೇಳ್ತಾನಲ್ಲ."

ತಾಯಮ್ಮ ಎರಡನೆಯ ನೀರನ್ನು ನಿಧಾನವಾಗಿ, ಕೊನೆಯವರೆಗೂ ಕುಡಿದರು. ಲೋಟ ತೊಳೆದು ಬೋರಲು ಹಾಕಿದರು.

ಅಂದಿನಿಂದ ದಿನಾ ಅದೇ ನಡೆಯಿತು. ಒತ್ತಿದವಳಿಗೆ ಮೊದಲನೆಯದು, ಗುರುವಿಗೆ ಎರಡನೆಯದು. ವಿಶಾಲಾಕ್ಷಿ ಮೊದಮೊದಲು ಅತ್ತಳು. ತಾಯಮ್ಮ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಒಂದು ದಿನ ವಿಶಾಲಾಕ್ಷಿ ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ ನುಂಗಿದಳು.

"ಇದರಲ್ಲಿ ಸಿಹಿ ಇದೆ."

"ಸಕ್ಕರೆ ಹಾಕಿದ್ಯಾ?"

"ಇಲ್ಲ."

"ಸರಿ. ನಾಳೆಯಿಂದ ನನಗೂ ಬೇರೆ ಪುಡಿ ಹಾಕಿ ಒತ್ತು. ಈ ನೀರು ಕುಡಿದು ಕುಡಿದು ನನ್ನ ಹೊಟ್ಟೆ ಕೆಟ್ಟುಹೋಗಿದೆ."

ಅಣ್ಣ ಶ್ರೀಪತಿ ಬಂದದ್ದು ಅದಾದ ಮೇಲೆ. ದೋಣಿಯಿಂದ ಇಳಿದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಜಗುಲಿಯ ಮೇಲೆ ಕೂತ.

"ಏನೇ ವಿಶಾಲು, ಬಂದು ಇಲ್ಲೇ ಬೇರು ಬಿಟ್ಯಲ್ಲ. ಸುಗುಣಂಗೆ ಮೊಣಕಾಲು ಆಪರೇಷನ್ ಆಯ್ತು, ಗೊತ್ತಾ?"

"ಅಯ್ಯೋ, ಯಾವಾಗ? ಅತ್ತಿಗೆ ಹೇಗಿದ್ದಾಳೆ?"

"ಮಲಗಿದ್ದಾಳೆ. ದಿನಾ ನಿನ್ನ ನೆನೆಸ್ಕೋತಾಳೆ."

ವಿಶಾಲಾಕ್ಷಿಯ ಮುಖ ಅರಳಿತು. "ಏನಂತ ಅಣ್ಣಯ್ಯ?"

"ವಿಶಾಲು ಇದ್ದಿದ್ರೆ ಇಷ್ಟೊತ್ತಿಗೆ ಸಾರು ಕುದೀತಿತ್ತು ಅಂತ. ಹೊರಡು, ನಿನ್ನ ಕರ್ಕೊಂಡು ಹೋಗೋಕೇ ಬಂದಿದ್ದು."

"ಒಂದು ನಿಮಿಷ ಕೂತಿರು."

ಅವಳು ಒಳಗೆ ಹೋಗಿ ಬೀಜ ಪುಡಿ ಮಾಡಿದಳು. ಪುಡಿ ಹದ ತಪ್ಪಲಿಲ್ಲ. ಪುಡಿಯನ್ನು ಸಮವಾಗಿ ಅದುಮಿದಳು. ಮೆಷಿನ್ನನ್ನು ಜಗುಲಿಗೇ ತಂದು ಅಣ್ಣನ ಕಣ್ಣೆದುರಿಗೆ ಒತ್ತಿದಳು. ಎಳೆ ಇಳಿಯಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು.

ಲೋಟವನ್ನು ಅವನ ಮುಂದಿಟ್ಟು ಗೋಡೆಗೆ ಒರಗಿ ನಿಂತಳು.

ಶ್ರೀಪತಿ ಕುಡಿದ. ಹುಬ್ಬು ಮೇಲೇರಿಸಿದ.

"ಚೆನ್ನಾಗಿದೆ ಕಣೇ. ಪೇಟೆಯದಕ್ಕಿಂತ ಚೆನ್ನಾಗಿದೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ವಿದ್ಯೇನ?"

ವಿಶಾಲಾಕ್ಷಿಯ ಕಣ್ಣು ತುಂಬಿತು. ಯಾವ ಮಾತಿಗಾಗಿ ಬಂದಿದ್ದಳೋ ಆ ಮಾತು ಸಿಕ್ಕಿತ್ತು.

ಅವನು ತಂಗಿಯ ಬರಿಗೈ ನೋಡಿದ. ಅವನ ದನಿ ಮೆತ್ತಗಾಯಿತು.

"ನೀನೂ ಕುಡಿಯೇ. ಆ ಪುಡೀಲಿ ಇನ್ನೂ ಸತ್ವ ಇರುತ್ತಲ್ಲ. ಒಂಚೂರು ನೀರು ಹಾಕಿ ನಿನಗೆ ಇಳಿಸ್ಕೋ, ಯಾವಾಗ್ಲೂ ಮಾಡ್ಕೋತೀಯಲ್ಲ ಹಾಗೆ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅಣ್ಣ ತಂಗಿಗೆ ಹೇಳುವ ಹಾಗೆ, ಅಕ್ಕರೆಯಿಂದಲೇ ಹೇಳಿದ್ದ.

ವಿಶಾಲಾಕ್ಷಿ ಗೋಡೆಯಿಂದ ಅಲುಗಲಿಲ್ಲ.

"ಸರಿ, ಆ ಮೆಷಿನ್ನನ್ನೂ ಚೀಲಕ್ಕೆ ಹಾಕ್ಕೋ," ಅಂದ ಶ್ರೀಪತಿ, ಏಳುತ್ತಾ. "ಸುಗುಣನ ನೋಡೋಕೆ ಜನ ಬರ್ತಾನೇ ಇರ್ತಾರೆ, ಎಲ್ಲರಿಗೂ ಮಾಡಿಕೊಡಬಹುದು. ನಾನು ದೋಣಿ ಹತ್ರ ಇರ್ತೀನಿ. ಬೇಗ ಬಾ."

ಅವನು ಮೆಟ್ಟಿಲಿಳಿದು ಹೋದ.

ತಾಯಮ್ಮ ಅಡುಗೆಮನೆಯಲ್ಲಿ ಮೊರದ ಮುಂದೆ ಕೂತು ಹಸಿಬೀಜದಿಂದ ಕಲ್ಲು ಆರಿಸುತ್ತಿದ್ದರು. ವಿಶಾಲಾಕ್ಷಿ ಬಾಗಿಲಲ್ಲಿ ನಿಂತಳು.

"ಅವನಿಗೆ ಗೊತ್ತಿತ್ತು ತಾಯಮ್ಮ."

"ಹೂಂ."

"ಇಷ್ಟು ವರ್ಷವೂ ಗೊತ್ತಿತ್ತು."

"ಒಂದೇ ಮನೆ, ಒಂದೇ ಫಿಲ್ಟರ್. ಯಾರಿಗೆ ಗೊತ್ತಾಗಲ್ಲ?"

"ನೀವು ಅವತ್ತೇ ಹೇಳಬಹುದಿತ್ತು."

"ಹೇಳಿದ್ರೆ ನೀನು ಅವನ ಪರವಾಗಿ ನನ್ನ ಹತ್ರ ಜಗಳ ಆಡ್ತಿದ್ದೆ."

ಹೊಳೆಯ ಕಡೆಯಿಂದ ಕೂಗು ಕೇಳಿಸಿತು. "ವಿಶಾಲೂ, ಬಂದ್ಯಾ?"

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಹೋಗಬೇಡ ಅನ್ನಿ ತಾಯಮ್ಮ. ನೀವು ಅಂದ್ರೆ ಹೋಗಲ್ಲ."

"ನಾನು ಯಾರಿಗೂ ಹಾಗೆ ಅಂದಿಲ್ಲ."

"ಹಾಗಾದ್ರೆ ಹೋಗು ಅನ್ನಿ."

"ಅದನ್ನೂ ಅಂದಿಲ್ಲ."

ಮತ್ತೆ ಕೂಗು. ಈ ಸಲ ಸ್ವಲ್ಪ ಬೇಸರದ ದನಿ.

"ಅತ್ತಿಗೆ ಮಲಗಿದ್ದಾಳೆ. ಎದ್ದು ನಿಲ್ಲೋಕಾಗಲ್ಲ ಅವಳಿಗೆ," ಅಂದಳು ವಿಶಾಲಾಕ್ಷಿ. "ನಾನು ಹೋಗದಿದ್ರೆ ಆ ಮನೇಲಿ ಒಲೆ ಹಚ್ಚೋರು ಯಾರು?"

ತಾಯಮ್ಮ ಮೊರದಿಂದ ಒಂದು ಕಲ್ಲನ್ನು ಆರಿಸಿ ಹೊರಗೆ ಎಸೆದರು.

"ನೀನು ಸತ್ತಿದ್ರೆ ಯಾರು ಹಚ್ತಿದ್ರೋ, ಅವರು."