ಮಣ್ಣು ಕಾಣದ ಕೋಳಿ

"ಗುರುಗಳೇ, ಎಂದೂ ಕಾಣದ್ದಕ್ಕಾಗಿ ಯಾವ ಜೀವವಾದರೂ ಹಂಬಲಿಸುತ್ತದೆಯೇ?" ಎಂದು ಶಿಷ್ಯ ಕೇಳಿದ.

ಅವನ ಅಣ್ಣ ಊರಿನಲ್ಲಿ ಕೋಳಿ ಫಾರಂ ಕಟ್ಟಿಸಲು ಹೊರಟಿದ್ದ. ಸಾವಿರಗಟ್ಟಲೆ ಕೋಳಿಗಳನ್ನು ಜೀವಮಾನವೆಲ್ಲ ತಂತಿಯ ಪಂಜರದಲ್ಲಿಡುವುದು ಸರಿಯೋ ತಪ್ಪೋ ಎಂದು ತಮ್ಮನಿಗೆ ಕಾಗದ ಬರೆದಿದ್ದ. ಶಿಷ್ಯ ಉತ್ತರವನ್ನು ಆಗಲೇ ಯೋಚಿಸಿ ಇಟ್ಟುಕೊಂಡಿದ್ದ. ಪಂಜರದಲ್ಲೇ ಹುಟ್ಟಿದ್ದಕ್ಕೆ ಪಂಜರವೇ ಲೋಕ. ಬೇರೆ ಲೋಕವಿದೆಯೆಂದು ತಿಳಿಯದ ಮೇಲೆ ಅದಕ್ಕೆ ದುಃಖವಿಲ್ಲ, ಸಾಕಿದವನಿಗೆ ಪಾಪವೂ ಇಲ್ಲ. ಗುರುಗಳು ಹೂಂ ಎಂದರೆ ಸಾಕು, ಕಾಗದ ಅಂಚೆಗೆ ಹೋಗುತ್ತಿತ್ತು.

ಗುರುಗಳು ನಕ್ಕರು. "ಪ್ರಶ್ನೆಯ ಜೊತೆಗೆ ಉತ್ತರವನ್ನೂ ಹೊತ್ತುಕೊಂಡು ಬಂದಿದ್ದೀಯೆ. ಆಗಲಿ, ಹೊರೆ ಇಳಿಸಿ ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಬ್ಬ ಕೋಳಿ ಸಾಕುವವನಿದ್ದ. ಅವನ ಶೆಡ್ಡಿನಲ್ಲಿ ಮೂವತ್ತು ಸಾವಿರ ಮೊಟ್ಟೆಕೋಳಿಗಳಿದ್ದವು. ಕೆಟ್ಟವನಲ್ಲ. ಅವನನ್ನು ಕೆಟ್ಟವನನ್ನಾಗಿ ಮಾಡಿದರೆ ನನಗೆ ಕತೆ ಹೇಳುವುದು ಸುಲಭ, ಆದರೆ ಕತೆ ಸುಳ್ಳಾಗುತ್ತದೆ. ಹೊತ್ತುಹೊತ್ತಿಗೆ ಕಾಳು ಹಾಕುತ್ತಿದ್ದ, ಬೇಸಿಗೆಯಲ್ಲಿ ಫ್ಯಾನು ತಿರುಗಿಸುತ್ತಿದ್ದ, ಶೆಡ್ಡಿನ ಶೀಟಿನ ಮೇಲೆ ನೀರು ಬಿಡಿಸುತ್ತಿದ್ದ. ಒಂದು ಕೋಳಿ ಮಂಕಾಗಿ ಕೂತರೂ ಮನೆಯಲ್ಲಿ ಅವನ ಊಟ ತಣ್ಣಗಾಗುತ್ತಿತ್ತು.

ಶೆಡ್ಡಿಗೆ ಹೊಂದಿಕೊಂಡು ಅವನ ಅಕ್ಕನ ಎರಡು ಎಕರೆ ಹೊಲವಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಅಲ್ಲೇ ಮನೆ ಮಾಡಿಕೊಂಡು ರಾಗಿ, ಅವರೆ ಬೆಳೆಯುತ್ತಿದ್ದಳು. ಸೀಮೆಗೊಬ್ಬರ ಮುಟ್ಟಿದವಳಲ್ಲ. ಎರಡು ಎಮ್ಮೆಗಳ ಸಗಣಿಯೇ ಅವಳ ಹೊಲಕ್ಕೆ ಸಾಕಾಗುತ್ತಿತ್ತು.

ತಮ್ಮನಿಗೆ ಎರಡನೆಯ ಶೆಡ್ಡು ಕಟ್ಟುವ ಆಸೆ. ಬೇರೆ ಕಡೆ ರಸ್ತೆಯಿದ್ದರೆ ನೀರಿಲ್ಲ, ನೀರಿದ್ದರೆ ರಸ್ತೆಯಿಲ್ಲ. ಅಕ್ಕನ ಹೊಲವೇ ಆಗಬೇಕಿತ್ತು. ಬದಲಿಗೆ ಕೆರೆಯ ಕೆಳಗಿನ ಒಳ್ಳೆಯ ಭೂಮಿ ಕೊಡುತ್ತೇನೆಂದ. ಅಕ್ಕ ಒಪ್ಪಲಿಲ್ಲ.

"ನೆಲದ ಮೇಲೆ ಒಂದಿನಾನೂ ಕಾಲಿಡದ ಜೀವ ಅದೂ ಒಂದು ಜೀವ್ನಾನೇನೋ? ಅಂಥದ್ದಕ್ಕೆ ಹೊಲ ಬಿಟ್ಟುಕೊಡಕ್ಕೆ ನಂಗೆ ಮನಸ್ಸೇ ಬರ್ತಿಲ್ಲ ಕಣೋ."

"ಅವಕ್ಕೆ ಏನು ಕಮ್ಮಿ ಆಗೈತೆ ಹೇಳಕ್ಕ? ನಾಯಿ ಬರಲ್ಲ, ಹದ್ದು ಬರಲ್ಲ. ಮಣ್ಣು ಅಂದ್ರೆ ಏನಂತಾನೇ ಅವಕ್ಕೆ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಯಾರಾದ್ರೂ ಬೇಕು ಅಂತಾರಾ?"

"ಹಂಗಾದ್ರೆ ಕೋಳೀನೇ ಹೇಳ್ಲಿ. ನೀನೇ ಆರಿಸಿ ಒಂದು ಕೋಳಿ ತಂದು ನನ್ನ ಹಿತ್ತಿಲಲ್ಲಿ ಬಿಡು. ಪಂಜರದಾಗೆ ಹೆಂಗಿತ್ತೋ ಹಂಗೇ ಇದ್ರೆ ಸಂಜೆಗೆ ಹೆಬ್ಬೆಟ್ಟು ಒತ್ತಿಕೊಡ್ತೀನಿ. ಇಲ್ದಿದ್ರೆ ಈ ಮಾತು ಇನ್ನೊಂದು ಸಲ ಎತ್ತಕೂಡದು."

ಅವನು ಆ ಕ್ಷಣವೇ ಒಪ್ಪಿದ. ಗೆದ್ದೆನೆಂದೇ ತಿಳಿದ.

ಮರುದಿನ ಬೆಳಿಗ್ಗೆ ಬಹಳ ಹೊತ್ತು ಹುಡುಕಿ ಒಂದು ಕೋಳಿಯನ್ನು ಆರಿಸಿದ. ಮೆಷಿನ್ನಿನ ಶಾಖದಲ್ಲಿ ಮೊಟ್ಟೆಯೊಡೆದು ಬಂದದ್ದು. ತಾಯಿಯ ರೆಕ್ಕೆಯಡಿ ಒಂದು ದಿನವೂ ಮಲಗಿರಲಿಲ್ಲ. ಅದರ ತಾಯಿಯೂ ಮಲಗಿರಲಿಲ್ಲ, ಅಜ್ಜಿಯೂ ಮಲಗಿರಲಿಲ್ಲ. ತಂತಿಯ ಮೇಲೆಯೇ ಬೆಳೆದದ್ದರಿಂದ ಉಗುರುಗಳು ಸವೆಯದೆ ಉದ್ದವಾಗಿ ಬಾಗಿದ್ದವು. ಒಂದನ್ನೊಂದು ಕುಕ್ಕದಿರಲೆಂದು ಮರಿಯಾಗಿದ್ದಾಗಲೇ ಕೊಕ್ಕಿನ ತುದಿ ಸುಟ್ಟಿದ್ದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ತನಗೆ ಸಿಗಲಾರದೆಂದು ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಹಿತ್ತಿಲಲ್ಲಿ ಬಿಟ್ಟ.

ಕೋಳಿ ಅಲ್ಲಾಡಲಿಲ್ಲ.

ಒಂದು ಕಾಲೆತ್ತಿತು, ಎಲ್ಲಿಂದ ಎತ್ತಿತೋ ಅಲ್ಲೇ ಇಟ್ಟಿತು. ಬಿಸಿಲೇರಿತು. ಒಂದು ಇರುವೆ ಅದರ ಪಾದದ ಮೇಲೆ ಹತ್ತಿ ಇಳಿದು ಹೋಯಿತು. ಕೋಳಿ ಮಾತ್ರ ಪಂಜರದಷ್ಟೇ ಜಾಗದಲ್ಲಿ ನಿಂತೇ ಇತ್ತು. ಸುತ್ತ ಎರಡು ಎಕರೆ ಬಯಲು ಇದ್ದರೂ ಅದರ ಪಾಲಿಗೆ ತಂತಿ ಇನ್ನೂ ಹೋಗಿರಲಿಲ್ಲ.

"ಅಕ್ಕಾ, ಹೆಬ್ಬೆಟ್ಟು ತೊಳ್ಕೊಂಡು ಇಟ್ಟಿರು," ಎಂದು ಅವನು ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡ. ಅಕ್ಕ ಮುದ್ದೆಗೆ ಎಸರಿಡಲು ಒಳಗೆ ಹೋದಳು. ಗಂಡನ ಜೊತೆ ಕಲ್ಲು ಆರಿಸಿ ಹದ ಮಾಡಿದ ಹೊಲ. ಆದರೆ ಮಾತು ಕೊಟ್ಟಾಗಿತ್ತು, ತಪ್ಪುವ ಹೆಂಗಸಲ್ಲ.

ಮಧ್ಯಾಹ್ನ ದಾಟಿತು. ಕೋಳಿ ಒಂದು ಹೆಜ್ಜೆ ಮುಂದಿಟ್ಟಿತು. ಕತ್ತು ಬಾಗಿಸಿ ಕಾಲಡಿಯನ್ನು ನೋಡಿತು. ಬಲಗಾಲಿನಿಂದ ಒಮ್ಮೆ ಕೆರೆಯಿತು. ಬೆಚ್ಚಿ ನಿಂತಿತು. ಮತ್ತೆ ಕೆರೆಯಿತು. ಆಮೇಲೆ ಎಡಗಾಲು, ಮತ್ತೆ ಬಲಗಾಲು. ಎರಡು ಹೆಜ್ಜೆ ಹಿಂದೆ ಸರಿದು, ಕೆರೆದ ಜಾಗವನ್ನು ಮೊಂಡು ಕೊಕ್ಕಿನಿಂದ ಕೆದಕಿ ನೋಡಿತು.

ಅವನು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ.

ಗೋಡೆಯ ಬುಡದಲ್ಲಿ ಒಣಗಿದ ನುಣುಪು ಮಣ್ಣಿತ್ತು. ಇಡೀ ಹಿತ್ತಿಲಿನಲ್ಲಿ ಅಂಥ ಮಣ್ಣು ಇದ್ದದ್ದು ಅಲ್ಲಿ ಮಾತ್ರ. ಕೋಳಿ ನೇರ ಅಲ್ಲಿಗೇ ನಡೆಯಿತು. ಕೆರೆದು ತಗ್ಗು ಮಾಡಿಕೊಂಡಿತು. ಎದೆಯೂರಿ ಕೂತು, ಪುಕ್ಕಗಳನ್ನೆಲ್ಲ ಬಿಡಿಸಿ, ರೆಕ್ಕೆಯಿಂದ ಮಣ್ಣನ್ನು ಬಾಚಿ ಬೆನ್ನಿನ ಮೇಲೆ ಎರಚಿಕೊಂಡಿತು. ಪಕ್ಕಕ್ಕೆ ಹೊರಳಿ ಕತ್ತನ್ನು ನೆಲಕ್ಕೆ ಉಜ್ಜಿತು. ಮತ್ತೆ ಎರಚಿಕೊಂಡಿತು. ಕಣ್ಣು ಮುಚ್ಚಿತು. ಊರಕೋಳಿಗಳು ಮಾಡುವ ಅದೇ ಮಣ್ಣಿನ ಸ್ನಾನ. ಒಂದು ಕ್ರಮವೂ ಹೆಚ್ಚುಕಡಿಮೆಯಾಗಲಿಲ್ಲ.

ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ, ಇಲ್ಲಿಗೆ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅವನು ಎದ್ದು ನಿಂತ. ಶೆಡ್ಡಿನ ಕಡೆ ಓಡಿದ. ಸೋತ ಸಿಟ್ಟಿನಲ್ಲಿ ಏನು ಮಾಡಿಬಿಡುತ್ತಾನೋ ಎಂದು ಅಕ್ಕ ಹಿಟ್ಟಿನ ಕೈಯಲ್ಲೇ ಹಿಂದೆ ಹೋದಳು. ಅವನು ಎರಡು ಸಾಲು ಪಂಜರಗಳ ನಡುವೆ ನಿಂತಿದ್ದ. ಬೆರಳು ತೋರಿಸಿದ.

ಪಂಜರದೊಳಗೆ ಒಂದು ಕೋಳಿ ಬರಿಯ ತಂತಿಯ ಮೇಲೆ ಎದೆಯೂರಿ ಕೂತಿತ್ತು. ಪುಕ್ಕ ಬಿಡಿಸಿತ್ತು. ರೆಕ್ಕೆಯಿಂದ ಬಾಚಿ ಬಾಚಿ ಬೆನ್ನಿನ ಮೇಲೆ ಎರಚಿಕೊಳ್ಳುತ್ತಿತ್ತು. ಎರಚಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಪಕ್ಕಕ್ಕೆ ಹೊರಳಿ ಕತ್ತನ್ನು ತಂತಿಗೆ ಉಜ್ಜಿತು. ಆಚೆಯ ಪಂಜರದಲ್ಲಿ ಇನ್ನೊಂದು ಹಾಗೆಯೇ ಹೊರಳುತ್ತಿತ್ತು. ಅದರಾಚೆ ಮತ್ತೊಂದು. ಕಣ್ಣು ಹಾಯುವ ತನಕ ಅಲ್ಲೊಂದು ಇಲ್ಲೊಂದು ಕೋಳಿ, ಇಲ್ಲದ ಮಣ್ಣಿನಲ್ಲಿ ಸ್ನಾನ ಮಾಡುತ್ತಿತ್ತು.

"ಎಂಟು ವರ್ಷದಿಂದ ದಿನಾ ನೋಡಿದೀನಿ ಅಕ್ಕ," ಎಂದ. "ಹೇನು ಕಡಿತೈತೆ ಅಂದ್ಕೊಂಡಿದ್ದೆ. ಎಂಟು ವರ್ಷ ಔಷಧಿ ಹೊಡಿಸ್ದೆ."

ಇಬ್ಬರೂ ದೇವರ ಮುಂದೆ ನಿಂತವರಂತೆ ನಿಂತಿದ್ದರು. ಅವನು ಕೈಮುಗಿದ. ಯಾರಿಗೆ ಮುಗಿದೆನೆಂದು ಅವನಿಗೇ ಗೊತ್ತಿರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಏನು ಮಾಡಿದ?" ಎಂದು ಶಿಷ್ಯ ಕೇಳಿದ.

"ಎರಡನೆಯ ಶೆಡ್ಡು ಕಟ್ಟಲಿಲ್ಲ. ಮೊದಲನೆಯದರ ಪಂಜರಗಳನ್ನು ಸಾಲುಸಾಲಾಗಿ ಬಿಚ್ಚಿಸಿ, ಸುತ್ತ ಬೇಲಿ ಹಾಕಿ ಕೋಳಿಗಳನ್ನು ನೆಲಕ್ಕಿಳಿಸಿದ. ಮೂರು ವರ್ಷ ಹಿಡಿಯಿತು. ಕೋಳಿಗಳ ಸಂಖ್ಯೆ ಇಳಿಯಿತು, ಕೆಲವನ್ನು ಹದ್ದು ಒಯ್ದಿತು, ಊರಿನವರು ಇವನಿಗೆ ತಲೆ ಕೆಟ್ಟಿದೆ ಎಂದರು. ಕಷ್ಟಪಟ್ಟ. ಸುಖವಾಗಿದ್ದನೆಂದು ಹೇಳಿ ನಿನ್ನನ್ನು ಮೆಚ್ಚಿಸಲಾರೆ."

ಶಿಷ್ಯ ಕೈಯಲ್ಲಿದ್ದ ಕಾಗದವನ್ನು ಮಡಿಸಿದ, ಬಿಚ್ಚಿದ. ಮತ್ತೆ ಕೇಳಿದಾಗ ಅವನ ದನಿ ತಗ್ಗಿತ್ತು.

"ತಾಯಿ ತೋರಿಸಿಕೊಡಲಿಲ್ಲ, ಕಣ್ಣಾರೆ ಕಂಡದ್ದೂ ಇಲ್ಲ. ಮಣ್ಣೆಂಬುದು ಆ ಕೋಳಿಗೆ ಹೇಗೆ ತಿಳಿಯಿತು ಗುರುಗಳೇ?"

ಗುರುಗಳು ಹೇಳಿದರು: "ಮಗೂ, ಆ ಶೆಡ್ಡಿನೊಳಗೆ ಮಣ್ಣನ್ನು ಮರೆತಿದ್ದವನು ಅವನೊಬ್ಬನೇ."