ಹೇಮಗಿರಿ ಅರಸನ ನೂರು ಕಾರುಗಳು

"ಕೇಳಿರಪ್ಪೋ ಕೇಳಿ! ಹೇಮಗಿರಿಯ ಜಯಕೇಸರಿ ಮಹಾರಾಜರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರಮನೆಯ ಮೋಟಾರು ಲಾಯದ ನೂರು ಕಾರುಗಳು, ಜೊತೆಗೆ ಅರ್ಧ ರಾಜ್ಯ! ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ!"

ಹೀಗೆ ಡಂಗುರ ಹೊಡೆಸಿ ವರ್ಷವಾಗಿತ್ತು, ಹದಿನಾರು ತಲೆ ಉರುಳಿದ್ದವು. ಆದರೂ ಬರುವವರು ಬರುತ್ತಲೇ ಇದ್ದರು. ಆ ಕಾರುಗಳು ಅಂಥವು. ಭೂಮಿಯ ಮೇಲೆ ವೇಗವೆಂದು ಯಾವುದಕ್ಕೆ ಹೆಸರಿತ್ತೋ ಅದನ್ನೆಲ್ಲ ಅರಸ ತಂದು ಸಾಲಾಗಿ ನಿಲ್ಲಿಸಿದ್ದ. ಓಡಿಸುತ್ತಿರಲಿಲ್ಲ. ದಿನಾ ಒರೆಸುತ್ತಿದ್ದವನು, ಗಾಳಿ ತುಂಬುತ್ತಿದ್ದವನು ಮೈಲಾರಿ, ಇಪ್ಪತ್ತೈದರ ಟೈರಿನಾಳು.

ಪರೀಕ್ಷೆ ನಡೆಯುತ್ತಿದ್ದದ್ದು ಲಾಯದ ಒಳಗೇ, ಬಾಗಿಲು ಹಾಕಿಕೊಂಡು. ತಲೆಗಳು ಹೊರಗೆ ಹೋಗುತ್ತಿದ್ದವು, ಒಗಟುಗಳು ಹೋಗುತ್ತಿರಲಿಲ್ಲ. ಎರಡನೆಯದನ್ನು ದಾಟಿದವರಿಲ್ಲ. ಒರೆಸುವ ಬಟ್ಟೆ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದ ಮೈಲಾರಿಗೆ ಆ ಎರಡರ ಉತ್ತರವೂ ಮೊದಲ ದಿನದಿಂದಲೇ ಗೊತ್ತಿತ್ತು. ಮೂರನೆಯದು ಏನಿರಬಹುದೆಂದೂ ಗೊತ್ತಿತ್ತು. ಅದರ ಉತ್ತರ ಬಾಯಿಬಿಟ್ಟರೆ ಉಳಿಗಾಲವಿಲ್ಲ. ಅದಕ್ಕೇ ಬಾಯಿ ಬಿಗಿಹಿಡಿದಿದ್ದ.

ಆ ದಿನ ಬಂದವರು ಇಬ್ಬರು: ದಳವಾಯಿಯ ಮಗ ರಣಧೀರ, ರೇಷ್ಮೆ ವರ್ತಕಿಯ ಮಗ ನಾಗಕೀರ್ತಿ. ಅರಸ ಬರುವವರೆಗೂ ಇಬ್ಬರಿಗೂ ಬಾಯಿ ನಿಲ್ಲಲಿಲ್ಲ.

"ಫೆರಾರಿ ಕೂಗಿದರೆ ಸಂಗೀತ ಕಣೋ. ನಿನ್ನ ಲ್ಯಾಂಬೋರ್ಗಿನಿ ಕೂಗಿದರೆ ಗೂಳಿಗೆ ಹೊಟ್ಟೆನೋವು ಬಂದ ಹಾಗಿರುತ್ತೆ," ಎಂದ ನಾಗಕೀರ್ತಿ.

"ನೀನು ಹಾಡು ಕೇಳ್ತಾ ಕೂತಿರು. ನಾನು ಮೂರು ಸೆಕೆಂಡಿಗೆ ನೂರು ದಾಟಿರ್ತೀನಿ."

"ದಾಟಿ ಎಲ್ಲಿಗೆ? ಮೊದಲ ತಿರುವಿನಲ್ಲೇ ಗದ್ದೆಗೆ!" ನಾಗಕೀರ್ತಿ ನಗುತ್ತಾ ಮೈಲಾರಿಯತ್ತ ತಿರುಗಿದ. "ಏನಣ್ಣಾ, ದಿನಾ ಮುಟ್ಟೋನು ನೀನು. ಯಾವುದು ಮೇಲು, ಹೇಳು."

"ಒರೆಸೋನಿಗೆ ಎಲ್ಲದರ ಮೇಲೂ ಒಂದೇ ಧೂಳು, ಸ್ವಾಮಿ."

ಅಣ್ಣಾ ಎಂದು ಇಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ. ಕಿವಿಯಲ್ಲಿ ಉತ್ತರ ಉಸುರಿಬಿಡಲೇ ಎಂದುಕೊಂಡ. ಅಷ್ಟರಲ್ಲಿ ಅರಸ ಬಂದ, ಹಿಂದೆ ಕಟುಕ.

"ಸಾವಿರ ಕುದುರೆಯ ಬಲವೆಲ್ಲ ನಾಲ್ಕು ಅಂಗೈಗಳ ಮೇಲೆ ನಿಂತಿದೆ. ಆ ಅಂಗೈಗಳನ್ನು ಓಟದಲ್ಲಿ ಕಂಡವರಿಲ್ಲ. ಏನವು?"

"ಎಂಜಿನ್ ಹಿಡಿದ ನಾಲ್ಕು ಬೋಲ್ಟು," ಎಂದ ರಣಧೀರ. ಅವನನ್ನು ಎಳೆದೊಯ್ದರು.

ನಾಗಕೀರ್ತಿಯ ನಗು ಇಂಗಿತ್ತು. "ಟೈರು ನೆಲ ಮುಟ್ಟುವ ಜಾಗ, ಮಹಾಪ್ರಭು," ಎಂದ.

"ಸರಿ. ಎರಡನೆಯದು ಕೇಳು. ನಡೆದರೆ ಸವೆಯುತ್ತದೆ, ನಡೆಯದಿದ್ದರೆ ಸಾಯುತ್ತದೆ. ಸತ್ತ ಮೇಲೂ ಮದುಮಗನಂತೆ ಹೊಳೆಯುತ್ತ ಮೆರವಣಿಗೆ ಹೊರಡುತ್ತದೆ. ಏನದು?"

"ಬ್ಯಾಟರಿ."

"ಬ್ಯಾಟರಿ ಸತ್ತರೆ ಕಾರು ಹೊರಡುವುದೇ ಇಲ್ಲ," ಎಂದ ಅರಸ, ಬೇಸತ್ತ ದನಿಯಲ್ಲಿ.

ನಾಗಕೀರ್ತಿ ಹೋಗುತ್ತಾ ಕೆಂಪು ಫೆರಾರಿಯ ಬಾನೆಟ್ಟನ್ನು ಒಮ್ಮೆ ಸವರಿದ. ಬೆರಳಿನ ಗುರುತು ಉಳಿಯಿತು. ಅದನ್ನು ಒರೆಸಲು ಮೈಲಾರಿಯ ಕೈ ಏಳಲಿಲ್ಲ.

"ಬುದ್ಧೀ, ನಾನು ಹೇಳ್ತೀನಿ. ಆ ಹುಡುಗನನ್ನ ತಡೀರಿ."

"ಸೋತವನು ಸೋತ. ನೀನು ಗೆದ್ದರೂ ಅವನು ಬರುವುದಿಲ್ಲ. ಈಗಲೂ ಹೇಳುತ್ತೀಯಾ?"

ಹೊರಗೆ ಕತ್ತಿಯ ಸದ್ದಾಯಿತು, ಒಂದೇ ಸಲ.

"ಹೇಳ್ತೀನಿ. ಮೊದಲನೆಯದು ಅವನು ಹೇಳಿದ್ದೇ. ಅಂಗೈಯಗಲ ನೆಲ, ಅಷ್ಟರಲ್ಲೇ ಕಾರಿನ ಜೀವ. ಓಡುವಾಗ ಕಾರೇ ಅದನ್ನ ಮುಚ್ಚಿರುತ್ತೆ, ಅದಕ್ಕೇ ಕಂಡವರಿಲ್ಲ. ಎರಡನೆಯದು ಟೈರು. ಓಡಿದರೆ ಸವೆಯುತ್ತೆ. ವರ್ಷಗಟ್ಟಲೆ ನಿಂತರೆ ಒಳಗೇ ಗಟ್ಟಿಯಾಗಿ ಸಾಯುತ್ತೆ. ಮೇಲಿನ ಗೆರೆ ಸವೆದಿರೋದಿಲ್ಲ, ಹೊಸದರ ಹಾಗೇ ಕಾಣುತ್ತೆ. ಗಾಳಿ ತುಂಬಿದರೆ ಹೊರಟೂ ಬಿಡುತ್ತೆ."

ಅರಸ ಎರಡನ್ನೂ ಸರಿಯೆಂದ. ಆಮೇಲೆ ಮೂರನೆಯದನ್ನು ಕೇಳಿದ:

"ನನ್ನ ಮಗ ಹೋದ ಕಾರಿಗೆ ಸಮನಾದದ್ದು ಇರಲಿಲ್ಲ. ಹಗಲು. ಒಣಗಿದ ರಸ್ತೆ. ಅವನು ಕುಡಿದಿರಲಿಲ್ಲ. ಕೋಟೆಯ ಇಳಿಜಾರಿನಲ್ಲಿ ಅವನನ್ನು ಕೊಂದವರು ಯಾರು?"

ಕಟುಕ ಕತ್ತಿ ಒರೆಸುತ್ತಾ ಒಳಗೆ ಬಂದಿದ್ದ.

"ಇಬ್ಬರು, ಬುದ್ಧೀ. ಕಾರ್ಖಾನೆಯಿಂದ ಬಂದ ಒಂದು ಭಾಗವನ್ನೂ ಬದಲಿಸಕೂಡದು, ಮೂಲ ಮೂಲವಾಗೇ ಇರಬೇಕು ಅಂತ ಅಪ್ಪಣೆ ಮಾಡಿದವರು ನೀವು. ಟೈರಿಗೆ ಹದಿನಾಲ್ಕು ವರ್ಷ ಅಂತ ನಾನು ಒಮ್ಮೆ ಹೇಳಿದ್ದೆ. ನೀವು ನಕ್ಕಿರಿ. ಆ ಬೆಳಿಗ್ಗೆ ಯುವರಾಜರು ಬಂದು ಗಾಳಿ ಹಾಕು ಅಂದರು. ಎರಡನೇ ಸಲ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ಹಾಕಿಕೊಟ್ಟೆ. ಇಳಿಜಾರಿನಲ್ಲಿ ಆ ಸತ್ತ ಟೈರು ಸಿಡಿಯಿತು. ನಿಮ್ಮ ಅಪ್ಪಣೆ ಅರ್ಧ, ನನ್ನ ಮೌನ ಅರ್ಧ."

ಕಟುಕ ಅರಸನ ಮುಖ ನೋಡಿದ. ಅರಸ ತಲೆಯಲ್ಲಾಡಿಸಿ ಅವನನ್ನು ಹೊರಗೆ ಕಳಿಸಿದ.

"ಉತ್ತರ ನನಗೆ ಗೊತ್ತಿತ್ತು, ಮೈಲಾರಿ. ಯಾರಾದರೂ ಬೇರೆ ಉತ್ತರ ಹೇಳಿಯಾರು, ಅದನ್ನೇ ನಂಬಿಕೊಂಡು ಬದುಕೋಣ ಅಂತ ಕಾದೆ. ಒಬ್ಬನೂ ಅಲ್ಲಿಯವರೆಗೆ ಬರಲಿಲ್ಲ."

ಹದಿನೆಂಟು ಜನ ಸತ್ತದ್ದು ಇದಕ್ಕೆ.

ಅರಸ ಮಾತಿಗೆ ತಪ್ಪಲಿಲ್ಲ. ಮೈಲಾರಿಗೆ ಶಾಲು ಹೊದಿಸಿದರು, ಅರ್ಧ ರಾಜ್ಯ ಬರೆದುಕೊಟ್ಟರು, ನೂರು ಬೀಗದ ಕೈಗಳನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟರು. ಜನ ಜಯಕಾರ ಹಾಕಿದರು. ಹೆಬ್ಬಾಗಿಲಿನ ಹೊರಗೆ ನಡುವಯಸ್ಸಿನ ಹೆಂಗಸೊಬ್ಬಳು ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾಗಕೀರ್ತಿಯ ತಾಯಿ.

"ನನ್ನ ಮಗ ಎಷ್ಟನೆಯದರಲ್ಲಿ ಸೋತನಪ್ಪಾ?"

"ಎರಡನೆಯದರಲ್ಲಿ, ತಾಯಿ."

"ಕಾರಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ಬಹಳ ಕಷ್ಟದ್ದಿತ್ತೇನೋ?"

ಹೌದು ಎಂದರೆ ಆ ತಾಯಿ ಅಷ್ಟರಿಂದಲೇ ಸಮಾಧಾನ ತಂದುಕೊಂಡು ಹೋಗುತ್ತಿದ್ದಳು. ಆದರೆ ಮೈಲಾರಿ ಒಮ್ಮೆ ಸುಮ್ಮನಿದ್ದು ನೋಡಿದ್ದ.

"ಇಲ್ಲ, ತಾಯಿ. ನನಗೆ ಮೊದಲೇ ಗೊತ್ತಿತ್ತು. ನಾನು ನಿನ್ನೆಯೇ ಬಾಯಿಬಿಟ್ಟಿದ್ದರೆ ನಿಮ್ಮ ಮಗ ಇಲ್ಲಿಗೆ ಬರುತ್ತಲೇ ಇರಲಿಲ್ಲ."

ಅವಳು ಶಪಿಸಲಿಲ್ಲ. ಮುಖವನ್ನೇ ದಿಟ್ಟಿಸಿ ನೋಡಿ, "ಮತ್ತೆ ಇವತ್ತಿನವರೆಗೂ ಯಾಕೆ ಕಾದೆ, ಮಗಾ?" ಎಂದಳು.

ಮೂರು ಒಗಟು ಬಿಡಿಸಿದವನು ತಟ್ಟೆ ಹಿಡಿದು ನಿಂತೇ ಇದ್ದ. ಹಿಂದೆ ಜಯಕಾರ ನಡೆದೇ ಇತ್ತು.