ಒಪ್ಪದವ್ವನ ಗುಡ್ಡ

ಗದಗಿನ ಕಡೆಯಿಂದ ಕರಡಿಹಾಳಕ್ಕೆ ಬರುವ ರಸ್ತೆಯಲ್ಲಿ, ಊರು ಇನ್ನೂ ಅರ್ಧ ಹರದಾರಿ ಇರುವಾಗಲೇ ಎಡಗಡೆಗೆ ಒಂದು ಬೋಳು ಗುಡ್ಡ ಕಾಣುತ್ತದೆ. ಸುತ್ತಲೂ ಎರೆಹೊಲ, ನಡುವೆ ಈ ಕೆಂಪು ಗುಡ್ಡ. ನೆತ್ತಿಯ ಮೇಲೆ ಒಂದು ಹುಣಸೆಮರ, ಅದರ ಪಕ್ಕದಲ್ಲಿ ಗೋಡೆ ಬಿದ್ದುಹೋದ ಒಂದು ಗುಡಿಸಲಿನ ತಳಪಾಯ. ಗುಡಿಯಿಲ್ಲ, ವಿಗ್ರಹವಿಲ್ಲ. ಆದರೂ ಈಚೆಗೆ ಯಾರೋ ಪುಣ್ಯಾತ್ಮರು ಅಲ್ಲೊಂದು ಫಲಕ ನೆಟ್ಟು, ಇಲ್ಲಿಯ ದೇವಿ ಯಾರ ಹರಕೆಯನ್ನೂ ಒಪ್ಪುವುದಿಲ್ಲವಾದ್ದರಿಂದ ಒಪ್ಪದವ್ವನೆಂದು ಹೆಸರಾಯಿತು ಎಂದು ಬರೆಸಿದ್ದಾರೆ. ಓದಿದಾಗ ನನ್ನ ಮೈ ಉರಿಯಿತು. ಮೂವತ್ತೊಂದು ವರ್ಷ ಈ ಊರಿನ ಅಂಚೆ ಕಚೇರಿ ನೋಡಿಕೊಂಡವನು ನಾನು. ಈ ಗುಡ್ಡದ್ದು ಕಾಗದಪತ್ರಗಳ ಕಥೆ. ಅದನ್ನು ಹೇಳುವ ಹಕ್ಕು ಫಲಕ ನೆಡುವವರಿಗಿಂತ ಅಂಚೆಯವನಿಗೇ ಹೆಚ್ಚು. ಒಪ್ಪದವ್ವ ದೇವಿಯಲ್ಲ, ನಮ್ಮ ನಿಮ್ಮ ಹಾಗೆ ರೊಟ್ಟಿ ತಿಂದು ಬದುಕಿದ ಹೆಂಗಸು.

ಹಿಂದೆ ಒಮ್ಮೆ, ಕಂಪನಿ ಸರ್ಕಾರದ ಕಾಲದಲ್ಲಿ, ರಸ್ತೆ ಅಳೆಯುವ ಕೆಲಸಕ್ಕೆಂದು ಸ್ಕಾಟ್ಲೆಂಡಿನ ಡಂಕನ್ ಸಾಹೇಬನೆಂಬವನು ಇಲ್ಲಿಗೆ ಬಂದನಂತೆ. ಎರಡು ವರ್ಷ ಇಲ್ಲೇ ಬೀಡುಬಿಟ್ಟ ಅವನು ನೀಲವ್ವನೆಂಬ ಒಕ್ಕಲಿಗರ ಹುಡುಗಿಯನ್ನು ಮೆಚ್ಚಿ, ಕಲ್ಲಪ್ಪನ ಗುಡಿಯ ಮುಂದೆ ಊರವರ ಕಣ್ಣೆದುರೇ ತಾಳಿ ಕಟ್ಟಿದ. ಗಂಡು ಕೂಸು ಹುಟ್ಟಿದಾಗ ಅದಕ್ಕೆ ಅಂಗಸ್ ಎಂದು ಹೆಸರಿಟ್ಟವನೂ ಅವನೇ. ಊರವರು ಅದನ್ನು ಅಂಗಸಪ್ಪ ಮಾಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಹೆಸರೇ ಏಕೆ ಎಂದು ನೀಲವ್ವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೂಸಿಗೆ ವರ್ಷ ತುಂಬುವ ಮೊದಲೇ ಸಾಹೇಬ ಜ್ವರ ಬಂದು ತೀರಿಕೊಂಡ.

ನಮ್ಮ ಸೀಮೆಯಲ್ಲಿ ಹೆಳವರು ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಗಂಟೆ ಬಾರಿಸುತ್ತಾ ಎತ್ತು ಏರಿ ಬಂದು, ಒಂದೊಂದು ಮನೆಯ ಮುಂದೂ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಪಡೆದು ಹೋಗುವವರು. ಆಗಿನ ಕಾಲಕ್ಕೆ ಹೆಳವನ ಬಾಯಲ್ಲಿ ಹೆಸರು ಬರದವನಿಗೆ ಊರಲ್ಲಿ ಹೆಣ್ಣು ಕೊಡುತ್ತಿರಲಿಲ್ಲ, ಪಂಚರ ಮುಂದೆ ಅವನ ಮಾತು ನಡೆಯುತ್ತಿರಲಿಲ್ಲ. ಅಂಗಸಪ್ಪನಿಗೆ ಐದು ವರ್ಷವಾದಾಗ ಬಂದ ಹೆಳವರ ಸಂಗಪ್ಪ, ನೀಲವ್ವನ ಬಾಗಿಲಲ್ಲಿ ಕೂಸಿನ ತಂದೆಯ ಹಿರಿಯರು ಯಾರೆಂದು ತಿಳಿಯದೆ ನಿಂತುಬಿಟ್ಟ. ಊರಗೌಡ ಸುಲಭದ ದಾರಿ ತೋರಿಸಿದ. "ನಿಮ್ಮಣ್ಣನ ಮಗ ಅಂತ ಹೇಳಿಸಿಬಿಡವ್ವ. ಎಲ್ಲಾ ಸಲೀಸಾಗತೈತಿ."

"ಒಪ್ಪಂಗಿಲ್ಲ ಗೌಡ್ರ," ಎಂದಳು ನೀಲವ್ವ. "ಇವಂಗ ಅಪ್ಪ ಇದ್ದ. ತಾಳಿ ಕಟ್ಟಿದಾಗ ಅಕ್ಕಿಕಾಳು ಹಾಕಿದವರು ನೀವ ಅಲ್ಲೇನು?"

ಸಂಗಪ್ಪ ಕೆಟ್ಟವನಲ್ಲ, ಆದರೆ ಕಸುಬಿನಲ್ಲಿ ಕಟ್ಟುನಿಟ್ಟು. ಗಂಡನ ಕಡೆಯ ಏಳು ತಲೆಮಾರಿನ ಹೆಸರು ತಂದುಕೊಟ್ಟರೆ ಹೇಳುತ್ತೇನೆ, ಇಲ್ಲದ್ದನ್ನು ಕಟ್ಟಿ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು ಎಂದುಬಿಟ್ಟ. ತನ್ನ ಮಾತು ಮೀರಿದವಳಿಗೆ ಊರಲ್ಲಿ ಜಾಗವಿಲ್ಲವೆಂದು ಗೌಡ ಗುಡುಗಿದ. "ಊರಾಗ ಜಾಗ ಇಲ್ಲಂದ್ರ ಊರಿನ ಮ್ಯಾಲ ಕುಂದರತೀನಿ" ಎಂದು ನೀಲವ್ವ ಮಗನನ್ನು ಕಂಕುಳಿಗೇರಿಸಿಕೊಂಡು ಈ ಗುಡ್ಡ ಹತ್ತಿದಳು ಎನ್ನುತ್ತಾರೆ.

ರಸ್ತೆ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಗುಮಾಸ್ತನಿದ್ದ. ಅವನಿಂದ ಡಂಕನ್ನನ ಮನೆಗೆ ಕಾಗದ ಬರೆಸಿದಳು: ನಮ್ಮ ಹೆಳವ ಹೇಳಬೇಕು, ನಿಮ್ಮ ಹಿರಿಯರ ಹೆಸರು ಕಳಿಸಿಕೊಡಿ, ಬೇರೇನೂ ಬೇಡ. ಹಡಗಿನಲ್ಲಿ ಹೋದ ಕಾಗದಕ್ಕೆ ಹನ್ನೊಂದು ತಿಂಗಳಿಗೆ ಉತ್ತರ ಬಂತು. ಬರೆದವನು ಡಂಕನ್ನನ ಅಣ್ಣ. ನನ್ನ ತಮ್ಮನಿಗೆ ಮದುವೆಯೇ ಆಗಿರಲಿಲ್ಲ, ಈ ಕೂಸು ನಮ್ಮ ವಂಶದ್ದಲ್ಲವೆಂದು ಒಪ್ಪಿ ಹೆಬ್ಬೆಟ್ಟು ಒತ್ತು ಎಂದು ಒಂದು ಪತ್ರವನ್ನೂ ಜೊತೆಗಿಟ್ಟಿದ್ದ. ನೀಲವ್ವ ಹೆಬ್ಬೆಟ್ಟು ಒತ್ತಲಿಲ್ಲ. ಅದರ ಬೆನ್ನಿಗೆ 'ಒಪ್ಪುವುದಿಲ್ಲ' ಎಂದು ಬರೆಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ವಾಪಸು ಕಳಿಸಿದಳು. ಹೀಗೆ ನಾಲ್ಕು ಸಲ ಅವನ ಪತ್ರ ಬಂತು, ನಾಲ್ಕು ಸಲವೂ ಹಾಗೇ ಹೋಯಿತು. ಊರವರು ಚೇಷ್ಟೆಗೆಂದು ಅವಳನ್ನು ಒಪ್ಪದವ್ವ ಎನ್ನತೊಡಗಿದರು. ಅವಳು ಆ ಹೆಸರಿಗೇ ಓಗೊಟ್ಟಳು. ನನಗಂತೂ ಅವಳ ಈ ಹಟ ನೆನೆದರೆ ಇಂದಿಗೂ ಎದೆಯುಬ್ಬುತ್ತದೆ.

ಐದನೆಯ ಸಲ ಬಂದ ಕಾಗದದ ಅಕ್ಷರವೇ ಬೇರೆ. ಡಂಕನ್ನನ ತಂಗಿ ಎಲ್ಸ್‌ಪೆತ್ ಬರೆದದ್ದು. ಅಣ್ಣನ ಮೇಜಿನ ಖಾನೆಯಲ್ಲಿ ನಿನ್ನ ಕಾಗದಗಳು ಸಿಕ್ಕವು, ಅವನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ ಎಂದು ಶುರುಮಾಡಿ, ಇಗರ್ಜಿಯ ದಾಖಲೆ ಪುಸ್ತಕದಿಂದ ನಾಲ್ಕು ತಲೆಮಾರನ್ನೂ, ಅಜ್ಜಿಯ ಬಾಯಿಂದ ಕೇಳಿದ ಮೂರನ್ನೂ ಒಂದರ ಕೆಳಗೊಂದು ಬರೆದಿದ್ದಳು. ನಮ್ಮ ಗುಡ್ಡಗಾಡಿನಲ್ಲೂ ಹೀಗೆ ವಂಶ ಹೇಳುವ ಮುದುಕರಿದ್ದರು, ನಿಮ್ಮ ಹೆಳವನಿಗೆ ನಮಸ್ಕಾರ ತಿಳಿಸು ಎಂದೂ ಸೇರಿಸಿದ್ದಳು. ಗುಡ್ಡದ ಮೇಲೆ, ಗೌಡನ ಎದುರಲ್ಲೇ ಗುಮಾಸ್ತ ಓದುತ್ತಾ ಹೋದ, ಸಂಗಪ್ಪ ಕಣ್ಣು ಮುಚ್ಚಿ ಕೇಳುತ್ತಾ ಕುಳಿತ. ಚೊಚ್ಚಲ ಗಂಡುಮಗನಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮ ವಾಡಿಕೆ, ನಮ್ಮ ತಂದೆಯ ಹೆಸರು ಅಂಗಸ್ ಎಂದು ಅವಳು ಬರೆದಲ್ಲಿಗೆ ಬಂದಾಗ ಸಂಗಪ್ಪ ಎದ್ದು ನಿಂತೇಬಿಟ್ಟ.

"ಗೌಡ್ರ, ಅಜ್ಜನ ಹೆಸರು ಮೊಮ್ಮಗಗ ಇಡೂದು ನಮಗೇನು ಹೊಸಾದೇನ್ರಿ? ಹುಟ್ಟಿದಾಗಿಂದ ನೀವೆಲ್ಲಾ ಇದ ಹೆಸರು ಹಿಡಿದು ನಕ್ಕೀರಿ. ಮತ್ತ್ಯಾವ ಸಾಕ್ಷಿ ಬೇಕು?"

ಗೌಡ ನೀಲವ್ವನ ಕಡೆ ತಿರುಗಿದ. ಆಗಲಿ, ಕೆಳಗಿಳಿದು ಬಾ, ನಿಮ್ಮ ಮನೆ ಮುಂದೆಯೇ ಹೇಳಿಸೋಣ ಎಂದ. ಒಪ್ಪದವ್ವ ಅದನ್ನೂ ಒಪ್ಪಲಿಲ್ಲ. "ಇಳಿಯಂಗಿಲ್ಲ. ಊರ ಮಂದಿನ ಮ್ಯಾಲ ಬರಲಿ" ಎಂದಳು. ಊರಿಗೆ ಊರೇ ಗುಡ್ಡ ಹತ್ತಿತು. ಏಳು ವರ್ಷ ಅವಳ ಮುಖ ನೋಡದವರೆಲ್ಲ ಏದುಸಿರು ಬಿಡುತ್ತಾ ನಿಂತು, ಅಂಗಸಪ್ಪನ ಏಳು ತಲೆಮಾರನ್ನು ಕೇಳಿಸಿಕೊಂಡರು ಎನ್ನುತ್ತಾರೆ.

ಆರು ವರ್ಷದ ಕೆಳಗೆ ಎಡಿನ್‌ಬರೋದಿಂದ ಮೊರಾಗ್ ಎಂಬಾಕೆ ನಮ್ಮ ಕಚೇರಿಗೆ ಕಾಗದ ಬರೆದಳು. ಡಂಕನ್ನನ ಆ ಅಣ್ಣನ ವಂಶದವಳು. ಮನೆತನದ ಪುಸ್ತಕದಲ್ಲಿ ಡಂಕನ್ನನ ಹೆಸರಿನ ಮುಂದೆ 'ಮದುವೆಯಿಲ್ಲ, ಮಕ್ಕಳಿಲ್ಲ' ಎಂದಿದೆ, ನನಗೆ ನಂಬಿಕೆಯಿಲ್ಲ ಎಂದಿದ್ದಳು. ಅವಳು ಇಗರ್ಜಿಯ ದಾಖಲೆಯ ನಕಲು ಕಳಿಸಿದಳು, ನಾನು ಸಂಗಪ್ಪನ ವಂಶದ ಹೆಳವನಿಂದ ಬರೆದುಕೊಂಡದ್ದನ್ನು ಕಳಿಸಿದೆ. ಹೆಸರಿಗೆ ಹೆಸರು ಕೂಡಿತು. ಹೋದ ವರ್ಷ ಸುಗ್ಗಿಯ ಮೇಲೆ ತಾನೇ ಬಂದು, ಹೆಳವನ ಬಾಯಲ್ಲಿ ತನ್ನ ಹಿರಿಯರನ್ನು ಕೇಳಿ ಗಳಗಳನೆ ಅತ್ತಳು. ಆಮೇಲೆ ಸಂಕೋಚದಿಂದಲೇ ಒಂದು ಮಾತು ಕೇಳಿದಳು: ಎಷ್ಟಾದರೂ ಆ ಅಣ್ಣನೂ ಅಂಗಸನ ಮಗನೇ, ಅವನ ಹೆಸರನ್ನೂ ಹೇಳಿಸಬಹುದಲ್ಲವೇ? ನನ್ನ ಅಂಚೆ ಇಂಗ್ಲಿಷಿನಲ್ಲಿ ಅದನ್ನು ತಿಳಿದುಕೊಂಡು, ಅಂಗಸಪ್ಪನವರ ಮನೆತನದ ಹಿರಿಯಳಾದ ಶಿವಗಂಗವ್ವನಿಗೆ ತಿಳಿಸಿದೆ. ಮುದುಕಿ ಮೊರಾಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಕಣ್ಣೊರೆಸಿದಳು.

"ನೀ ನಮ್ಮಕಿ, ತಂಗಿ, ನಿನ್ನ ಹೆಸರು ಇವತ್ತ ಹೇಳಸ್ತೀವಿ. ಅವಂದು ಮಾತ್ರ ಒಪ್ಪಂಗಿಲ್ಲ."

ಸುಗ್ಗಿ ಮುಗಿದ ಮೇಲೆ ಬಂದವರು ಈಗಲೂ ಈ ಗುಡ್ಡದ ಮೇಲೆ ನಿಂತು ಕೇಳಬಹುದು. ಅಂಗಸನ ಮಗ ಡಂಕನ್, ಮಗಳು ಎಲ್ಸ್‌ಪೆತ್ ಎಂದು ಹೆಳವ ಗಟ್ಟಿಯಾಗಿ ಹೇಳುತ್ತಾನೆ. ಹೆಬ್ಬೆಟ್ಟು ಕೇಳಿದ್ದ ಹಿರಿಮಗನ ಸರದಿ ಬಂದಾಗ ಬಾಯಿ ಮುಚ್ಚಿ ಒಮ್ಮೆ ಗಂಟೆ ಬಾರಿಸುತ್ತಾನೆ, ಆಮೇಲೆ ನೇರವಾಗಿ ಮೊರಾಗವ್ವ ಎನ್ನುತ್ತಾನೆ.